ಹಿತ್ತಲಿನಲ್ಲಿ ಕೃತಕ ಹುಲ್ಲು: ಆರೋಗ್ಯದೃಷ್ಟಿಯಿಂದ ಒಂದು ವಿಚಾರ

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯು ಮನೆಮನೆಯ ಹಿಂದೆ ತುಳಸಿ, ದೊಡ್ಡಪತ್ರೆ, ಒಂದೆಲಗಗಳು ಬೆಳೆಯುತ್ತಿದ್ದ ಕಾಲದ್ದು. ಉದ್ಯೋಗನಿಮಿತ್ತ ಪುಣೆ, ಹೈದರಾಬಾದ್, ಚೆನ್ನೈ ಮೊದಲಾದ ನಗರಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹಿತ್ತಲುಳ್ಳ ಸ್ವಂತ ಮನೆಯ ಭಾಗ್ಯ ದೊರೆತವರು ಕೆಲವರೇ ಸರಿ. ಅಂಥವರ ಮುಂದೆ ಈಗ ಹೊಸದೊಂದು ಆಕರ್ಷಣೆ ಬಂದು ನಿಂತಿದೆ. ಹಿತ್ತಲಿನ ಗಿಡಗಳನ್ನು ತೆಗೆಸಿ, ನೆಲವನ್ನು ಸಮತಟ್ಟು ಮಾಡಿಸಿ, ಅದರ ಮೇಲೆ ಪ್ಲಾಸ್ಟಿಕ್ ಎಳೆಗಳ ಹಸುರು ಹಾಸನ್ನು ಹಾಸಿ, ಸುತ್ತಲೂ ಬಲೆ ಕಟ್ಟಿ, ಮಕ್ಕಳಿಗಾಗಿ ಆಟದ ಅಂಕಣವನ್ನು ನಿರ್ಮಿಸುವುದೇ ಆ ಆಕರ್ಷಣೆ.

ಇದರ ಹಿಂದಿನ ಉದ್ದೇಶ ಸ್ತುತ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. 5ರಿಂದ 17 ವರ್ಷದೊಳಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಚಟುವಟಿಕೆಯಿಂದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಬೀದಿಗಳನ್ನು ವಾಹನಗಳು ಆಕ್ರಮಿಸಿವೆ. ಎಷ್ಟೋ ಶಾಲೆಗಳಿಗೆ ಮೈದಾನವೇ ಇಲ್ಲ. ಮಗು ಕಣ್ಣಳತೆಯಲ್ಲಿ ಆಡಲಿ ಎಂದು ತಾಯಿ ಬಯಸಿದರೆ ಅದು ತಪ್ಪಲ್ಲ. ಮಳೆ ನಿಂತ ಕೆಲಹೊತ್ತಿನಲ್ಲೇ ಕೆಸರಿಲ್ಲದೆ ಆಡಬಹುದೆಂಬ ಅನುಕೂಲವೂ ಈ ಹಾಸಿಗಿದೆ. ಆದರೆ ಆರೋಗ್ಯಕ್ಕಾಗಿ ಕೊಂಡ ವಸ್ತುವು ಆರೋಗ್ಯವನ್ನೇ ತರುವುದೇ ಎಂಬುದನ್ನು ವಿಚಾರಿಸದೆ ಹಣ ಸುರಿಯುವುದು ವಿವೇಕವೆನಿಸದು.

ಈ ವಸ್ತುವಿನ ಇತಿಹಾಸವೇ ಒಂದು ಪಾಠವನ್ನು ಹೇಳುತ್ತದೆ. 1965ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ತೆರೆದ ಆಸ್ಟ್ರೋಡೋಮ್ ಎಂಬ ಮುಚ್ಚಿದ ಕ್ರೀಡಾಂಗಣದಲ್ಲಿ, ಚಾವಣಿಯ ಪಾರದರ್ಶಕ ಫಲಕಗಳಿಗೆ ಬಣ್ಣ ಬಳಿದ ಮೇಲೆ ಬಿಸಿಲು ಸಾಲದೆ ನಿಜವಾದ ಹುಲ್ಲು ಸತ್ತುಹೋಯಿತು. 1966ರಲ್ಲಿ ಅಲ್ಲಿ ಕೃತಕ ಹುಲ್ಲನ್ನು ಹಾಸಿದ ಬಳಿಕವೇ ಅದು ಲೋಕಪ್ರಸಿದ್ಧವಾಯಿತು. ಹತ್ತು ವರ್ಷಗಳ ತರುವಾಯ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಅದರ ಮೇಲೆ ಆಡಿಸಲಾಯಿತು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಸೋಲಿಗೆ ಕಾರಣಗಳು ಹಲವಿದ್ದರೂ, ಹುಲ್ಲಿನ ಮೇಲೆ ಬೆಳೆದ ಕೌಶಲಕ್ಕೆ ಆ ನೆಲ ಒಗ್ಗಲಿಲ್ಲವೆಂಬುದು ಅವುಗಳಲ್ಲೊಂದು. ಅಂದಮೇಲೆ ಕೃತಕ ಹುಲ್ಲು ಖ್ಯಾತಿ ಪಡೆದದ್ದು ನಿಜವಾದ ಹುಲ್ಲು ಬದುಕಲಾರದ ಎಡೆಯಲ್ಲಿ. ಬದುಕಿರುವ ಮಣ್ಣಿನ ಮೇಲೆ ಅದನ್ನು ಹೊದಿಸುವುದು ಬೇರೆಯೇ ಮಾತು.

ಮೊದಲನೆಯ ತೊಡಕು ಬಿಸಿ. ಜೀವಂತ ಹುಲ್ಲು ತನ್ನ ಎಲೆಗಳಿಂದ ನೀರನ್ನು ಆವಿಯಾಗಿಸಿ ತಂಪಾಗಿರುತ್ತದೆ. ಪ್ಲಾಸ್ಟಿಕ್ಕಿಗೆ ಆ ಶಕ್ತಿಯಿಲ್ಲ. ಕಡು ಬಿಸಿಲಿನಲ್ಲಿ ಅದರ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಬಲ್ಲದು. ಏಪ್ರಿಲ್, ಮೇ ತಿಂಗಳುಗಳೆಂದರೆ ಮಕ್ಕಳಿಗೆ ಶಾಲೆಯ ರಜೆ, ಹೈದರಾಬಾದಿಗೆ ಸುಡುಬೇಸಿಗೆ. ಆಗ ಬರಿಗಾಲಿನ ಮಗುವಿಗೆ ಅಂಗಾಲು ಸುಡುವ ಅಪಾಯವೂ, ಬೂಟು ತೊಟ್ಟ ಮಗುವಿಗೆ ಬಿಸಿಲಿನ ಬಳಲಿಕೆಯೂ ಕಾದಿರುತ್ತವೆ. ನೀರು ಚಿಮುಕಿಸಿದರೆ ತಂಪು ಸ್ವಲ್ಪ ಹೊತ್ತು ಮಾತ್ರ. 2019ರ ಜೂನ್‌ನಲ್ಲಿ ಕುಡಿಯುವ ನೀರಿಗೇ ಪರದಾಡಿದ ಚೆನ್ನೈಯಂಥ ಊರಿನಲ್ಲಿ ಆ ನೀರನ್ನಾದರೂ ಎಲ್ಲಿಂದ ತರುವುದು?

ಎರಡನೆಯದು ಎಳೆಗಳ ನಡುವೆ ತುಂಬುವ ಪುಡಿ. ಅಗ್ಗವೆಂದು ಹಲವೆಡೆ ಹಳೆಯ ಟಯರುಗಳ ರಬ್ಬರಿನ ಪುಡಿಯನ್ನು ತುಂಬುತ್ತಾರೆ. ಇದರಿಂದ ಆಟಗಾರರ ಮೈ ಸೇರುವ ರಾಸಾಯನಿಕಗಳು ಬಹುಶಃ ಅಲ್ಪವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2024ರ ವರದಿ ಹೇಳುತ್ತದೆ. ಆದಕಾರಣ ಅನಾವಶ್ಯಕ ಭೀತಿ ಸಲ್ಲದು. ಆದರೆ ಈ ಕಣಗಳು ಮಳೆನೀರಿನೊಡನೆ ಚರಂಡಿಗೂ ಮಣ್ಣಿಗೂ ಸೇರುತ್ತವೆ. ಈ ಕಾರಣದಿಂದಲೇ ಐರೋಪ್ಯ ಒಕ್ಕೂಟವು ಇಂಥ ಪುಡಿಯ ಮಾರಾಟವನ್ನು 2031ರ ಅಕ್ಟೋಬರ್ ನಂತರ ನಿಲ್ಲಿಸುವ ನಿಯಮವನ್ನು 2023ರಲ್ಲಿ ಮಾಡಿತು.

ಮೂರನೆಯದು ನೀರು. ಕೃತಕ ಹಾಸಿನ ಕೆಳಗೆ ಕಾಂಕ್ರೀಟು ಸುರಿದರೆ ಅಷ್ಟು ನೆಲ ಮಳೆನೀರನ್ನು ಕುಡಿಯುವುದನ್ನೇ ಮರೆಯುತ್ತದೆ. ತಮಿಳುನಾಡಿನಲ್ಲಿ 2003ರಿಂದ ಕಟ್ಟಡಗಳಿಗೆ ಮಳೆನೀರಿನ ಕೊಯ್ಲು ಕಡ್ಡಾಯ. ಒಂದು ಕೈಯಿಂದ ಇಂಗುಗುಂಡಿ ತೋಡಿ, ಇನ್ನೊಂದು ಕೈಯಿಂದ ಹಿತ್ತಲನ್ನು ಮುಚ್ಚುವುದು ಎಂಥ ಜಾಣತನ?

ಹಾಗೆಂದು ಇದು ಸರ್ವಥಾ ತ್ಯಾಜ್ಯವೇನೂ ಅಲ್ಲ. ಈಗಾಗಲೇ ಕಾಂಕ್ರೀಟು ಹಾಕಿದ ಅಂಗಳಕ್ಕೆ, ಗಿಡ ಬೆಳೆಯದ ಎಡೆಗೆ ಇದು ಒಪ್ಪೀತು. ಮಣ್ಣಿನ ಮೇಲೆ ಹಾಸಲೇಬೇಕೆಂದಿದ್ದರೆ ಕೆಳಗೆ ಜಲ್ಲಿಯ ಹಾಸು, ನೀರು ಹರಿಯಲು ತುಸು ಇಳಿಜಾರು, ರಬ್ಬರಿನ ಬದಲು ಮರಳು ಅಥವಾ ತೆಂಗಿನ ನಾರಿನ ಪುಡಿ ಇರಲಿ. ನೆರಳು ಕೊಡುವ ಮರವನ್ನು ಕಡಿಯದಿರಲಿ. ಆಟ ಬೆಳಗಿನ ತಂಪಿನಲ್ಲಿ, ಇಲ್ಲವೇ ಸಂಜೆ ಬಿಸಿಲಿಳಿದ ಮೇಲೆ ನಡೆಯಲಿ. ಜಾರಿ ಬಿದ್ದು ಚರ್ಮ ತರೆದರೆ ಒಡನೆಯೇ ಸಾಬೂನು ನೀರಿನಿಂದ ತೊಳೆಯಬೇಕು. ಇಂಥ ತರಚುಗಾಯಗಳ ಮೂಲಕ ಸೋಂಕು ತಗಲುವುದುಂಟು. ಸುಮಾರು ಹತ್ತು ವರ್ಷಗಳಲ್ಲಿ ಸವೆಯುವ ಈ ಹಾಸನ್ನು ಮುಂದೆ ಎಲ್ಲಿ ಎಸೆಯುವುದೆಂಬುದನ್ನೂ ಕೊಳ್ಳುವ ಮುನ್ನವೇ ಯೋಚಿಸಬೇಕು.

ಇವೆಲ್ಲಕ್ಕಿಂತ ಮಿಗಿಲಾದ ಪ್ರಶ್ನೆಯೊಂದಿದೆ. ಮಗು ಆಡುವುದು ಹಾಸಿನೊಡನೆಯಲ್ಲ, ಒಡನಾಡಿಗಳೊಡನೆ. ಬಲೆಯೊಳಗಿನ ಅಂಕಣದಲ್ಲಿ ಒಬ್ಬಂಟಿ ಮಗು ಎಷ್ಟು ದಿನ ಚೆಂಡನ್ನು ಒದ್ದೀತು? ಲಗೋರಿ, ಕುಂಟೆಬಿಲ್ಲೆ, ಕಬಡ್ಡಿಗಳಿಗೆ ಹದವಾದ ಮಣ್ಣಿನ ನೆಲವೂ ಅಕ್ಕಪಕ್ಕದ ನಾಲ್ಕಾರು ಮಕ್ಕಳೂ ಇದ್ದರೆ ಸಾಕು. ಬ್ಯಾಡ್ಮಿಂಟನ್ ಅಂಕಣದ ಅಳತೆ 13.4 ಮೀಟರ್ ಉದ್ದ, 6.1 ಮೀಟರ್ ಅಗಲ; ಮನೆಯ ಮಟ್ಟದ ಆಟಕ್ಕೆ ಗಟ್ಟಿಸಿದ ನೆಲ, ಎರಡು ಕಂಬ, ಒಂದು ಬಲೆ ಧಾರಾಳವಾಯಿತು. ಉಳಿದ ಹಣವನ್ನು ಹತ್ತು ಮನೆಯವರು ಕೂಡಿಸಿ ಬಡಾವಣೆಯ ಮೈದಾನವನ್ನು ಶುಚಿಯಾಗಿಟ್ಟರೆ ಅದರ ಫಲ ಹತ್ತು ಮನೆಯ ಮಕ್ಕಳಿಗೂ ಸಲ್ಲುತ್ತದೆ. ಹಿತ್ತಲ ಬಾಗಿಲನ್ನು ನೆರೆಯ ಮಕ್ಕಳಿಗೆ ತೆರೆದಿಡುವ ಮನೆಯಲ್ಲಿ ಆಟವೂ ಆರೋಗ್ಯವೂ ಕೃತಕ ಹಾಸಿಗಾಗಿ ಕಾಯುವುದಿಲ್ಲ.