ಗಾಳಿಯ ಲೆಕ್ಕಕ್ಕೆ ಅಡಿಕೆ ಅಂಗಳದ ಒರೆಗಲ್ಲು

ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಆರಿಸುವ ಬಗೆಯಲ್ಲಿ ನಮ್ಮ ತಾಂತ್ರಿಕ ಶಿಕ್ಷಣದ ಬಲವೂ ದೌರ್ಬಲ್ಯವೂ ಒಟ್ಟಿಗೇ ಗೋಚರಿಸುತ್ತವೆ. ಮೆಕ್ಯಾನಿಕಲ್ ವಿಭಾಗದಲ್ಲಿ ವಾಯುಚಲನಶಾಸ್ತ್ರದ ಆಕರ್ಷಣೆ ದೊಡ್ಡದು. ವಿಮಾನದ ರೆಕ್ಕೆ ಅಥವಾ ಕಾರಿನ ಸುತ್ತ ಗಾಳಿ ಹರಿಯುವ ರೀತಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿದ್ಯೆಗೆ ಸಿಎಫ್‌ಡಿ ಎಂದು ಹೆಸರು. ಹರಿವಿನ ಜಾಗವನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ದ್ರವ್ಯರಾಶಿ, ಸಂವೇಗ ಮತ್ತು ಶಕ್ತಿಗಳ ಜಮಾಖರ್ಚು ಸರಿದೂಗಿಸುವುದೇ ಇದರ ತಿರುಳು. ಅರ್ಥಶಾಸ್ತ್ರ ಓದಿದ ನನಗೆ ಈ ಜಮಾಖರ್ಚಿನ ತರ್ಕ ತೀರಾ ಅಪರಿಚಿತವೇನಲ್ಲ.

ಒಂದು ಕಾಲಕ್ಕೆ ಇಂತಹ ಲೆಕ್ಕಾಚಾರ ದೊಡ್ಡ ಸಂಸ್ಥೆಗಳ ಸೊತ್ತಾಗಿತ್ತು. ಸುಳ್ಯದಲ್ಲಿ ಕೆ.ವಿ.ಜಿ. ಎಂಜಿನಿಯರಿಂಗ್ ಕಾಲೇಜು ಆರಂಭವಾದ 1986ರಲ್ಲೇ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರನ್ನು ಇದಕ್ಕೆಂದೇ ನಿರ್ಮಿಸಿತು. ಇಂದು ಸುಳ್ಯದ ಅಥವಾ 2001ರಲ್ಲಿ ಸ್ಥಾಪನೆಯಾದ ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯ ಲ್ಯಾಪ್‌ಟಾಪಿಗೆ ಅದಕ್ಕಿಂತ ಹೆಚ್ಚಿನ ಶಕ್ತಿಯಿದೆ. ‘ಓಪನ್‌ಫೋಮ್’ನಂತಹ ತಂತ್ರಾಂಶ 2004ರಿಂದ ಉಚಿತವಾಗಿ ದೊರೆಯುತ್ತಿದೆ.

ಲೆಕ್ಕ ಅಗ್ಗವಾದಾಗ ವಿರಳವಾಗುವುದು ಲೆಕ್ಕವನ್ನು ಪರೀಕ್ಷಿಸುವ ಅವಕಾಶ. ಆಯ್ಕೆಯ ಮಾನದಂಡವೂ ಅದೇ ಆಗಬೇಕು. ಎಲ್ಲೆಯ ನಿಬಂಧನೆಗಳನ್ನು ತಪ್ಪಾಗಿ ಕೊಟ್ಟರೂ ಕಂಪ್ಯೂಟರು ಕೆಂಪು, ನೀಲಿ ಬಣ್ಣಗಳ ಸೊಗಸಾದ ಚಿತ್ರವನ್ನು ಕೊಟ್ಟೇ ಕೊಡುತ್ತದೆ. ಸೇವೆಯಲ್ಲಿದ್ದ ವರ್ಷಗಳಲ್ಲಿ ನಾನು ಓದಿದ ಅದೆಷ್ಟೋ ಯೋಜನಾ ವರದಿಗಳಲ್ಲಿ ಅಂದಾಜು ಹೇರಳವಾಗಿರುತ್ತಿತ್ತು; ಕ್ಷೇತ್ರದಲ್ಲಿ ಅಳೆದ ಒಂದು ಅಂಕಿಯೂ ಇರುತ್ತಿರಲಿಲ್ಲ. ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರಾದ ಸತೀಶ್ ಧವನ್, ಕ್ಯಾಲ್‌ಟೆಕ್‌ನಲ್ಲಿ 1951ರಲ್ಲಿ ಪೂರೈಸಿದ ಡಾಕ್ಟರೇಟ್ ಸಂಶೋಧನೆಯ ವಿಷಯ, ಹರಿಯುವ ಗಾಳಿ ಮೇಲ್ಮೈಯ ಮೇಲೆ ಉಂಟುಮಾಡುವ ಘರ್ಷಣೆಯ ನೇರ ಮಾಪನ. ಅಳತೆಯಿಂದಲೇ ಈ ವಿದ್ಯೆ ಇಲ್ಲಿ ಬೆಳೆಯಿತೆಂಬುದು ನೆನಪಿರಲಿ.

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಅಳೆಯಬಹುದಾದ ಗಾಳಿ ಎಲ್ಲಿದೆ? ಅಡಿಕೆ ಅಂಗಳದಲ್ಲಿದೆ. ಚಾಲಿ ಅಡಿಕೆ ಒಣಗಲು ಸುಮಾರು 40 ದಿನಗಳ ಬಿಸಿಲು ಬೇಕು. ನವೆಂಬರ್, ಡಿಸೆಂಬರ್ ತಿಂಗಳ ಅಕಾಲಿಕ ಮಳೆಗೆ ಹೆದರಿದ ಬೆಳೆಗಾರರು ಅಂಗಳದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಸೋಲಾರ್ ಗೂಡು ಕಟ್ಟಿಕೊಳ್ಳುತ್ತಿದ್ದಾರೆ. ಒಳಗೆ ಬಿಸಿಯೇನೋ ಏರುತ್ತದೆ. ಆದರೆ ಅಡಿಕೆಯಿಂದ ಹೊರಟ ತೇವ ಹೊರಹೋಗಲು ದಾರಿಯಿಲ್ಲದಿದ್ದರೆ ರಾತ್ರಿ ಹಾಳೆಯ ಒಳಮೈಯಲ್ಲಿ ಹನಿಗಟ್ಟಿ ಪುನಃ ಅಡಿಕೆಯ ಮೇಲೆಯೇ ತೊಟ್ಟಿಕ್ಕುತ್ತದೆ, ಬೂಸ್ಟು ಹಿಡಿಯುತ್ತದೆ. ಮಾರುಕಟ್ಟೆಯಲ್ಲಿ ಗುಣಮಟ್ಟ ಕೆಟ್ಟ ಅಡಿಕೆ ಪಟೋರ, ಕರಿಗೋಟುಗಳ ರಾಶಿಗೆ ಸರಿದು ಕಡಿಮೆ ದರ ಪಡೆಯುತ್ತದೆ. ವರ್ಷವಿಡೀ ಪಟ್ಟ ಶ್ರಮದ ಬೆಲೆ ಕೊನೆಯ ಆರು ವಾರಗಳ ಗಾಳಿಯಾಟದಲ್ಲಿ ನಿರ್ಧಾರವಾಗುತ್ತದೆ.

ಇದು ಅಪ್ಪಟ ಸಿಎಫ್‌ಡಿ ಸಮಸ್ಯೆ. ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತದೆ. ತಣ್ಣನೆಯ ಗಾಳಿ ಕೆಳಗಿನಿಂದ ಅದರ ಜಾಗಕ್ಕೆ ಬರಬೇಕು. ಕಿಂಡಿಗಳನ್ನು ಎಲ್ಲಿ, ಎಷ್ಟು ಅಗಲ ಬಿಡಬೇಕು, ತುದಿಯಲ್ಲಿ ಚಿಮಣಿ ಇಟ್ಟರೆ ಎಷ್ಟು ಎತ್ತರವಿರಬೇಕು ಎಂಬ ಪ್ರಶ್ನೆಗಳಿಗೆ ಕಂಪ್ಯೂಟರು ಉತ್ತರ ಸೂಚಿಸಬಲ್ಲದು. ಉತ್ತರ ನಿಜವೇ ಎಂದು ತಿಳಿಯಲು ಕೆಲವು ಉಷ್ಣಮಾಪಕ, ಆರ್ದ್ರತಾಮಾಪಕಗಳು ಮತ್ತು ಒಂದು ತಕ್ಕಡಿ ಸಾಕು. ಒಂದೇ ಅಂಗಳದಲ್ಲಿ ಹಳೆಯ ಗೂಡು, ಬದಲಿಸಿದ ಗೂಡು, ಬಯಲು ಬಿಸಿಲು ಇವು ಮೂರರಲ್ಲೂ ಅಡಿಕೆ ಹರವಿ ದಿನವೂ ತೂಗಿದರೆ ಲೆಕ್ಕದ ಸತ್ಯಾಸತ್ಯತೆ ಬಯಲಾಗುತ್ತದೆ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವಾಗ ಹನಿಗಳು ಗೊನೆ ತಲುಪುವ ಬಗೆ ಇನ್ನೂ ರೋಚಕ ವಿಷಯ ಎನ್ನುವವರಿದ್ದಾರೆ. ನಿಜ. ಆದರೆ ಓಲಾಡುವ ಮರ, ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಗಾಳಿ, ಬಗೆಬಗೆ ಗಾತ್ರದ ಹನಿಗಳು ಇವೆಲ್ಲವನ್ನೂ ಒಂದು ವರ್ಷದೊಳಗೆ ಲೆಕ್ಕಕ್ಕೆ ತರುವುದು ನಾಲ್ಕು ವಿದ್ಯಾರ್ಥಿಗಳ ಅಳವಿಗೆ ಮೀರಿದ್ದು. ಮಿಗಿಲಾಗಿ, ಸಿಂಪಡಣೆಯ ಕಾಲ ಮಳೆಗಾಲ. ಪ್ರಾಜೆಕ್ಟಿನ ವಿಷಯವೇ ಆಗಿನ್ನೂ ಗೊತ್ತಾಗಿರುವುದಿಲ್ಲ. ಒಣಗಿಸುವ ಕಾಲವಾದರೋ ಶೈಕ್ಷಣಿಕ ವರ್ಷದ ನಡುವಿಗೇ ಬರುತ್ತದೆ.

ಹಾಗೆಂದು ವಿಮಾನದ ರೆಕ್ಕೆಯನ್ನು ಕೈಬಿಡಬೇಕಾಗಿಲ್ಲ. ಅಮೆರಿಕದ ನಾಕಾ ಸಂಸ್ಥೆ 1930ರ ದಶಕದಲ್ಲಿ ಪರೀಕ್ಷಿಸಿ ಪ್ರಕಟಿಸಿದ ರೆಕ್ಕೆಗಳ ಅಳತೆಗಳು ಇಂದಿಗೂ ಒಳ್ಳೆಯ ಅಭ್ಯಾಸಪಾಠ. ಮೊದಲ ಕೆಲವು ವಾರ ಅದನ್ನು ಲೆಕ್ಕ ಹಾಕಿ, ಪ್ರಕಟಿತ ಅಂಕಿಗಳೊಂದಿಗೆ ಹೋಲಿಸಿ ಕೈ ಪಳಗಿಸಿಕೊಳ್ಳಬೇಕು. ಅಲ್ಲಿಗೇ ಪ್ರಾಜೆಕ್ಟು ಮುಗಿಯಬಾರದು. ಕೆಲಸಕ್ಕೆ ಸೇರಿಸಿಕೊಳ್ಳುವ ಕಂಪನಿಗಳು ಅಡಿಕೆಗೆ ಬೆಲೆ ಕೊಡುವುದಿಲ್ಲವೆಂಬ ಪೋಷಕರ ಆತಂಕ ಸಹಜ. ಆದರೆ ಲೆಕ್ಕಕ್ಕೂ ಅಳತೆಗೂ ಎಷ್ಟು ಅಂತರ ಬಂತು, ಏಕೆ ಬಂತು ಎಂದು ಸಂದರ್ಶನದಲ್ಲಿ ವಿವರಿಸಬಲ್ಲ ಅಭ್ಯರ್ಥಿ, ಸಿದ್ಧ ವರದಿ ಒಪ್ಪಿಸಿದವನಿಗಿಂತ ಎಲ್ಲಿಯೂ ಮುಂದೆಯೇ ಇರುತ್ತಾನೆ.

ನೆರವಿಗೆ ಬರಬಲ್ಲ ಸಂಸ್ಥೆಗಳೂ ಇವೆ. ವಿಟ್ಲದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊಗೆ ಅಡಿಕೆಯ ದರ್ಜೆಯನ್ನು ನಿಷ್ಪಕ್ಷಪಾತವಾಗಿ ನಿರ್ಧರಿಸಿ ಹೇಳುವ ಪರಿಣತಿಯಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಆಯ್ದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಧನಸಹಾಯ ನೀಡುತ್ತದೆ. ಕಾಲೇಜುಗಳು ಮಾಡಬೇಕಾದ್ದು ಒಂದೇ: ಸಿಎಫ್‌ಡಿ ಪ್ರಾಜೆಕ್ಟಿನ ಅಂಕಗಳಲ್ಲಿ ಅರ್ಧದಷ್ಟನ್ನು ವಿದ್ಯಾರ್ಥಿಗಳು ಸ್ವತಃ ಅಳೆದ ಅಂಕಿಗಳೊಂದಿಗಿನ ಹೋಲಿಕೆಗೆ ಮೀಸಲಿಡುವುದು. ಲೆಕ್ಕ ತಪ್ಪಾಗಿ, ಅದರ ಕಾರಣ ಪತ್ತೆಯಾದರೂ ಪೂರ್ಣ ಅಂಕ ಸಿಗಲಿ. ಈ ಒಂದು ನಿಯಮಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಮುಂದಿನ ಅಡಿಕೆ ಕೊಯ್ಲಿಗೆ ಮೊದಲೇ ಜಾರಿಗೆ ತರಬಹುದು.