ಮಂಜೂರಾತಿಯ ಲೆಕ್ಕ ಉತ್ತರವಲ್ಲ

2025ರ ಮುಂಗಾರು ಅಧಿವೇಶನದಲ್ಲಿ ಲೋಕಸಭೆಯ ಕಾರ್ಯಸೂಚಿಗೆ ಬಂದ ಚುಕ್ಕೆ ಗುರುತಿನ ಪ್ರಶ್ನೆಗಳು 419. ಸಚಿವರು ಎದ್ದುನಿಂತು ಬಾಯಿಮಾತಿನಲ್ಲಿ ಉತ್ತರಿಸಿದ್ದು 55ಕ್ಕೆ ಮಾತ್ರ. ಅಧಿವೇಶನದ ಕೊನೆಯ ದಿನ ಸ್ಪೀಕರ್ ಓಂ ಬಿರ್ಲಾ ಅವರೇ ಹೇಳಿದ ಲೆಕ್ಕವಿದು. 120 ಗಂಟೆ ಚರ್ಚೆ ನಡೆಸುತ್ತೇವೆಂದು ನಿಶ್ಚಯಿಸಿದ್ದ ಸದನ ಕೆಲಸ ಮಾಡಿದ್ದು 37 ಗಂಟೆ. ಬಿಹಾರದ ಮತದಾರರ ಪಟ್ಟಿಯ ಪರಿಷ್ಕರಣೆಯ ಬಗ್ಗೆ ಚರ್ಚೆ ಬೇಕೆಂದು ಪ್ರತಿಪಕ್ಷಗಳು ಪಟ್ಟು ಹಿಡಿದವು, ಸರ್ಕಾರ ಒಪ್ಪಲಿಲ್ಲ, ದಿನಗಳು ಗದ್ದಲದಲ್ಲೇ ಕಳೆದವು. ಚರ್ಚೆಗೆ ಒತ್ತಾಯಿಸುವ ಹಕ್ಕು ಪ್ರತಿಪಕ್ಷಗಳಿಗಿದೆ. ಆದರೆ ಅದಕ್ಕಾಗಿ ಪ್ರಶ್ನೋತ್ತರ ಅವಧಿಯನ್ನೇ ಬಲಿಕೊಟ್ಟದ್ದು ತಪ್ಪು. ಸದನ ಮೌನವಾದಾಗ ನಷ್ಟ ಕೇಳುವವರಿಗೆ, ಅನುಕೂಲ ಉತ್ತರಿಸಬೇಕಾದವರಿಗೆ. ಇದನ್ನು ಚೆನ್ನಾಗಿ ಬಲ್ಲ ಸರ್ಕಾರ ಬಿಕ್ಕಟ್ಟು ಬಿಡಿಸಲು ಮನಸ್ಸು ಮಾಡಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ತಪ್ಪು.

ಬಾಯಿಮಾತಿನ ಉತ್ತರ ತಪ್ಪಿದರೆ ಲಿಖಿತ ಉತ್ತರ ಸದನದ ಮೇಜಿನ ಮೇಲೆ ಬಂದು ಬೀಳುತ್ತದೆ. ಹಾಗಿದ್ದ ಮೇಲೆ ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟವಾಗುವುದು ಉಪಪ್ರಶ್ನೆ. ಲಿಖಿತ ಉತ್ತರವನ್ನು ಇಲಾಖೆಯ ಅಧಿಕಾರಿ ಬರೆಯುತ್ತಾರೆ, ಸಚಿವರು ಸಹಿ ಹಾಕುತ್ತಾರೆ. ಉಪಪ್ರಶ್ನೆಯ ಎದುರು ಮಾತ್ರ ಸಚಿವರು ತಮ್ಮ ಇಲಾಖೆಯನ್ನು ತಾವೇ ಬಲ್ಲವರಾಗಿರಬೇಕಾಗುತ್ತದೆ. 1957ರಲ್ಲಿ ಜೀವ ವಿಮಾ ನಿಗಮವು ಉದ್ಯಮಿ ಮುಂಧ್ರಾ ಅವರ ಕಂಪನಿಗಳ ಷೇರು ಕೊಂಡ ವಿಚಾರ ಲೋಕಸಭೆಗೆ ಬಂದದ್ದು ಒಂದು ಪ್ರಶ್ನೆಯ ರೂಪದಲ್ಲಿ. ಸಿಕ್ಕ ಉತ್ತರ ಸದಸ್ಯರಿಗೆ ಸಮಾಧಾನ ತರಲಿಲ್ಲ. ಆಳುವ ಪಕ್ಷದವರೇ ಆಗಿದ್ದ ಫಿರೋಜ್ ಗಾಂಧಿ ಬಿಡದೆ ಬೆನ್ನು ಹತ್ತಿದರು. ಛಾಗ್ಲಾ ಆಯೋಗದ ವಿಚಾರಣೆ ನಡೆಯಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ತನ್ನದೇ ಸರ್ಕಾರದ ಪ್ರಬಲ ಸಚಿವರನ್ನು ಆಳುವ ಪಕ್ಷದ ಸಂಸದನೊಬ್ಬ ಹೀಗೆ ಪ್ರಶ್ನಿಸುವುದನ್ನು ಇಂದು ಯಾವ ಪಕ್ಷದಲ್ಲಿ ಕಾಣಲು ಸಾಧ್ಯ?

ಆದರೆ ನಮ್ಮ ಮುಖ್ಯ ಆಕ್ಷೇಪ ಉತ್ತರ ಸಿಗದ ಪ್ರಶ್ನೆಗಳ ಬಗ್ಗೆ ಅಲ್ಲ, ಸಿಕ್ಕ ಉತ್ತರಗಳ ಬಗ್ಗೆ. ಎಳೆಯ ಮಕ್ಕಳ ಪಾಲನೆ, ಹಳ್ಳಿಗಳ ಬ್ರಾಡ್‌ಬ್ಯಾಂಡ್, ಕೈಗಾರಿಕಾ ನೀತಿ ಈ ಮೂರರ ಮೇಲೆ ಪ್ರತಿ ಅಧಿವೇಶನದಲ್ಲೂ ಸದಸ್ಯರು ಪ್ರಶ್ನೆ ಕೇಳುತ್ತಾರೆ. ಮೂರಕ್ಕೂ ಸಚಿವರು ಕೊಡುವ ಉತ್ತರದ ಜಾಡು ಒಂದೇ. ಯೋಜನೆ ಯಾವಾಗ ಆರಂಭವಾಯಿತು, ಎಷ್ಟು ಕೋಟಿ ಮಂಜೂರಾಯಿತು, ಎಷ್ಟು ಕೇಂದ್ರಗಳಿಗೆ ಅನುಮೋದನೆ ಸಿಕ್ಕಿತು ಎಂಬ ವಿವರ ಪುಟಗಟ್ಟಲೆ ಇರುತ್ತದೆ. ಅದು ನಡೆಯುತ್ತಿದೆಯೇ, ಜನರಿಗೆ ಮುಟ್ಟಿದೆಯೇ ಎಂಬ ಜಾಗಕ್ಕೆ ಬಂದಾಗ ವಿಷಯ ರಾಜ್ಯ ಸರ್ಕಾರಗಳಿಗೆ ಸೇರಿದ್ದು ಎನ್ನುತ್ತಾರೆ, ಇಲ್ಲವೇ ಅಂಥ ಮಾಹಿತಿಯನ್ನು ಕೇಂದ್ರದಲ್ಲಿ ಇಡುವುದಿಲ್ಲ ಎನ್ನುತ್ತಾರೆ. ನಮ್ಮ ವಿಧಾನಸಭೆಯ ಉತ್ತರಗಳಲ್ಲೂ ಅಷ್ಟೇ: ಪರಿಶೀಲನೆಯಲ್ಲಿದೆ, ಅನುದಾನದ ಲಭ್ಯತೆ ಆಧರಿಸಿ ಕ್ರಮ ಕೈಗೊಳ್ಳಲಾಗುವುದು, ಮಾಹಿತಿ ಕ್ರೋಢೀಕರಿಸಲಾಗುತ್ತಿದೆ, ಉದ್ಭವಿಸುವುದಿಲ್ಲ.

ಮಕ್ಕಳ ವಿಷಯವನ್ನೇ ಮೊದಲು ನೋಡೋಣ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆಗಳಲ್ಲಿ. ಕರ್ನಾಟಕದಲ್ಲಿ ಆ ಕೆಲಸ ಶುರುವಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಇಂದು ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ಬಸುರಿ ಬಾಣಂತಿಯರ ಆರೈಕೆ, ಕೂಸಿನ ತೂಕ, ಲಸಿಕೆ, ಮಧ್ಯಾಹ್ನದ ಊಟ, ಶಾಲೆಗೆ ಮುಂಚಿನ ಪಾಠ ಎಲ್ಲವನ್ನೂ ಹೊತ್ತಿರುವವರು ಊರಿನ ಟೀಚರಮ್ಮ ಮತ್ತು ಸಹಾಯಕಿ. ಕೇಂದ್ರ ಕಾರ್ಯಕರ್ತೆಯರ ಗೌರವಧನವನ್ನು 2018ರ ಅಕ್ಟೋಬರ್‌ನಿಂದ 3,000 ರೂಪಾಯಿಯಿಂದ 4,500ಕ್ಕೆ ಏರಿಸಿತು, ಸಹಾಯಕಿಯರಿಗೆ 1,500ರಿಂದ 2,250ಕ್ಕೆ. ಅದಾದ ಮೇಲೆ ವರ್ಷಗಟ್ಟಲೆ ಅದು ಕದಲಲಿಲ್ಲ. ಅಕ್ಕಿ ಬೇಳೆಯ ದರ ಏರಿತು, ಬಸ್ಸಿನ ದರ ಏರಿತು, ಮಾಡಬೇಕಾದ ಕೆಲಸವೂ ಏರಿತು. ಸದನದಲ್ಲಿ ಈ ಬಗ್ಗೆ ಕೇಳಿದಾಗಲೆಲ್ಲ ಬರುವ ಸಮರ್ಥನೆ, ಇವರು ಗೌರವ ಸೇವೆಯ ಕಾರ್ಯಕರ್ತೆಯರು ಎಂಬುದು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇವರು ಗ್ರಾಚ್ಯುಟಿಗೆ ಅರ್ಹರು ಎಂದು ತೀರ್ಪು ಕೊಟ್ಟ ನಂತರ ಆ ಸಮರ್ಥನೆಗೆ ನೆಲೆಯಿಲ್ಲ. ನ್ಯಾಯಾಲಯಕ್ಕೆ ಕಂಡ ದುಡಿಮೆ ಸರ್ಕಾರಕ್ಕೆ ಕಾಣುವುದಿಲ್ಲ ಎಂದರೆ ಅದು ಕಾಣಲು ಇಷ್ಟವಿಲ್ಲದಿರುವುದು, ಬೇರೇನೂ ಅಲ್ಲ. ರಾಜ್ಯವೂ ಇಲ್ಲಿ ಹೊರಗಿನವನಂತೆ ನಿಲ್ಲಲಾಗದು. 2017ರ ಮಾರ್ಚ್‌ನಲ್ಲಿ ಸಾವಿರಾರು ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನ ರಸ್ತೆಯಲ್ಲೇ ರಾತ್ರಿ ಮಲಗಿದರು. ಬೀದಿಗೆ ಬಂದು ಕೂತ ಮೇಲಷ್ಟೇ ಅವರ ಮಾತು ಕೇಳಿಸಿಕೊಳ್ಳುವ ಚಾಳಿ ಇಲ್ಲಿಯ ಎಲ್ಲ ಸರ್ಕಾರಗಳಿಗೂ ಅಂಟಿದೆ.

ಊಟದ ಲೆಕ್ಕ ಇನ್ನೂ ಕಹಿಯಾದದ್ದು. ಆರು ವರ್ಷದೊಳಗಿನ ಮಗುವಿನ ಪೂರಕ ಪೌಷ್ಟಿಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ ಎಂದು 2017ರಲ್ಲಿ ನಿಗದಿಯಾಯಿತು. ಈ ದರವನ್ನು ಹೆಚ್ಚಿಸುತ್ತೇವೆ ಎಂಬ ಮಾತು ಬಜೆಟ್ ಭಾಷಣದಲ್ಲಿ ಬಂದದ್ದು 2025ರ ಫೆಬ್ರುವರಿಯಲ್ಲಿ. ನಡುವಿನ ಅಷ್ಟೂ ವರ್ಷ ಸದನಕ್ಕೆ ಸಿಕ್ಕ ಉತ್ತರಗಳಲ್ಲಿ ಪೋಷಣ ಅಭಿಯಾನದ ಸಾಧನೆಯ ವರ್ಣನೆಗೇನೂ ಕೊರತೆ ಇರಲಿಲ್ಲ. ಎಂಟು ರೂಪಾಯಿಯಲ್ಲಿ ಮಗುವಿಗೆ ಏನು ಬಡಿಸಲು ಸಾಧ್ಯ ಎಂಬುದನ್ನು ಯಾವ ಸಚಿವರೂ ವಿವರಿಸಲಿಲ್ಲ, ಸದನವೂ ಅವರನ್ನು ಬಿಡದೆ ಹಿಡಿದು ಕೇಳಲಿಲ್ಲ.

ದುಡಿಯುವ ತಾಯಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳುವ ವ್ಯವಸ್ಥೆಗೆ ಬಂದರೆ, ‘ಪಾಲನಾ’ ಯೋಜನೆಯಡಿ 2025-26ರ ಹೊತ್ತಿಗೆ 17,000 ಅಂಗನವಾಡಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವುದು ಗುರಿಯಾಗಿತ್ತು. ಮಂಜೂರಾದವುಗಳಿಗೂ ನಿಜಕ್ಕೂ ಬಾಗಿಲು ತೆರೆದವುಗಳಿಗೂ ನಡುವಿನ ಅಂತರ ಸರ್ಕಾರ ಕೊಟ್ಟ ಅಂಕಿಗಳಲ್ಲೇ ಎದ್ದು ಕಾಣುತ್ತದೆ. ಕರ್ನಾಟಕ ಸರ್ಕಾರ ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ಆಲೋಚನೆ ಒಳ್ಳೆಯದು, ಹೆಸರೂ ಮುದ್ದಾದದ್ದು. ಅವುಗಳಲ್ಲಿ ಎಷ್ಟರಲ್ಲಿ ದಿನವೂ ಮಕ್ಕಳಿರುತ್ತಾರೆ, ನೋಡಿಕೊಳ್ಳುವವರಿಗೆ ಕೂಲಿ ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯೇ ಎಂಬುದನ್ನು ಪಂಚಾಯಿತಿವಾರು ಸದನದ ಮುಂದಿಡುವುದು ಸರ್ಕಾರದ ಕರ್ತವ್ಯ.

ಇದೇ ಅಂಗನವಾಡಿಯ ಒಳಗೆ ಎರಡನೆಯ ಪ್ರಶ್ನೆಯಾದ ಬ್ರಾಡ್‌ಬ್ಯಾಂಡ್ ಕೂಡ ಕೂತಿದೆ. 2021ರಿಂದ ಮಗುವಿನ ಹಾಜರಿ, ತೂಕ, ಎತ್ತರ ಎಲ್ಲವನ್ನೂ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ಗೆ ತುಂಬಬೇಕು. ಮನೆಗೆ ಕೊಡುವ ಆಹಾರಕ್ಕೆ 2025ರ ಜುಲೈನಿಂದ ಫಲಾನುಭವಿಯ ಮುಖ ಗುರುತಿಸುವಿಕೆಯೂ ಕಡ್ಡಾಯ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಬಾಣಂತಿಯ ಪಾಲಿನ ಆಹಾರ ಸಿಗ್ನಲ್‌ಗಾಗಿ ಕಾಯಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಇದನ್ನು ತಂತ್ರಜ್ಞಾನದ ಪಾರದರ್ಶಕತೆ ಎನ್ನುತ್ತದೆ. ಆ ತಂತ್ರಜ್ಞಾನಕ್ಕೆ ಬೇಕಾದ ಸಂಪರ್ಕ ಮಾತ್ರ ಇನ್ನೊಂದು ಸಚಿವಾಲಯದ ಹೊಣೆ.

ಆ ಸಚಿವಾಲಯದ ದಾಖಲೆ ಹೀಗಿದೆ. ಎಲ್ಲ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಮನಮೋಹನ್ ಸಿಂಗ್ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರ್‌ನಲ್ಲಿ. ಮುಗಿಸಲು ಹಾಕಿಕೊಂಡ ಅವಧಿ ಎರಡು ವರ್ಷ. ಅದು ತಪ್ಪಿತು. ಮುಂದೆ ಮೋದಿ ಸರ್ಕಾರ ಅದಕ್ಕೆ ಭಾರತ್‌ನೆಟ್ ಎಂದು ಹೆಸರಿಟ್ಟಿತು. 2020ರ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯಿಂದ ಪ್ರಧಾನಿಯವರು ಸಾವಿರ ದಿನಗಳಲ್ಲಿ ದೇಶದ ಆರು ಲಕ್ಷಕ್ಕೂ ಹೆಚ್ಚು ಹಳ್ಳಿಗಳಿಗೆ ಫೈಬರ್ ಮುಟ್ಟಿಸುತ್ತೇವೆ ಎಂದರು. ಆ ಸಾವಿರ ದಿನ 2023ರ ಮೇ ತಿಂಗಳಲ್ಲಿ ಮುಗಿಯಿತು. ಹಳ್ಳಿಗಳ ಮಾತಿರಲಿ, ಮೊದಲ ಗುರಿಯಾಗಿದ್ದ ಎರಡೂವರೆ ಲಕ್ಷ ಪಂಚಾಯಿತಿಗಳೇ ಪೂರ್ತಿಯಾಗಿರಲಿಲ್ಲ. ನಡುವೆ ಕರ್ನಾಟಕವೂ ಸೇರಿ 16 ರಾಜ್ಯಗಳಲ್ಲಿ ಖಾಸಗಿ ಪಾಲುದಾರಿಕೆಯಲ್ಲಿ ಮಾಡುತ್ತೇವೆಂದು 2021ರಲ್ಲಿ ಸಂಪುಟ 19,041 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತ್ತು. ಆ ಟೆಂಡರಿಗೆ ಬರುವವರೇ ಇರಲಿಲ್ಲ. 2023ರ ಆಗಸ್ಟ್‌ನಲ್ಲಿ 1,39,579 ಕೋಟಿಯ ಹೊಸ ರೂಪಕ್ಕೆ ಒಪ್ಪಿಗೆ ಸಿಕ್ಕಿತು. ಗಡುವು ಮೀರಿದ್ದಕ್ಕೆ ಯಾವ ಸಚಿವರೂ ಸದನದಲ್ಲಿ ವಿಷಾದ ವ್ಯಕ್ತಪಡಿಸಿದ್ದು ನಮ್ಮ ನೆನಪಿನಲ್ಲಿಲ್ಲ.

ಈ ವಿಷಯದಲ್ಲಿ ಸದನವನ್ನು ದಾರಿ ತಪ್ಪಿಸಲು ಸಚಿವರಿಗೆ ಒದಗಿ ಬರುವುದು ‘ಸೇವೆಗೆ ಸಿದ್ಧ’ ಎಂಬ ಪಟ್ಟಿ. ಎರಡು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳು ಸೇವೆಗೆ ಸಿದ್ಧವಾಗಿವೆ ಎಂದರೆ ಅಲ್ಲಿಯವರೆಗೆ ಫೈಬರ್ ಹೋಗಿ ಪೆಟ್ಟಿಗೆ ಕೂತಿದೆ ಎಂದಷ್ಟೇ ಅರ್ಥ. ಆ ಪೆಟ್ಟಿಗೆಗೆ ಇಂದು ಕರೆಂಟಿದೆಯೇ, ರಸ್ತೆ ಅಗೆದಾಗ ಕತ್ತರಿಸಿದ ಕೇಬಲ್ಲನ್ನು ಜೋಡಿಸಿದ್ದಾರೆಯೇ, ಊರಿನ ಶಾಲೆಗೂ ಆಸ್ಪತ್ರೆಗೂ ಅಂಗನವಾಡಿಗೂ ಅಲ್ಲಿಂದ ಸಂಪರ್ಕ ಹೋಗಿದೆಯೇ ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಕೂತ ಮಕ್ಕಳನ್ನು ಮಲೆನಾಡು ಕಂಡಿತು. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಹಳ್ಳಿಗರು ಅಭಿಯಾನ ಹೂಡಿದರು. ಅವರ ತಾಲ್ಲೂಕು ದೆಹಲಿಯ ಉತ್ತರದಲ್ಲಿ ಒಂದು ಸಂಖ್ಯೆಯಾಗಿ ಸೇರಿಹೋಗಿದ್ದರೆ ಆ ಸಂಖ್ಯೆ ಸುಳ್ಳು ಹೇಳುತ್ತಿದೆ.

ಕೈಗಾರಿಕೆಯ ಪ್ರಶ್ನೆಗೆ ಉತ್ತರಿಸುವಾಗ ಅಂಕಿಗಳ ಗಾತ್ರ ಮತ್ತೂ ಹಿಗ್ಗುತ್ತದೆ. ಉತ್ಪಾದನೆ ಆಧಾರಿತ ಪ್ರೋತ್ಸಾಹಧನದ ಯೋಜನೆಯನ್ನು 14 ವಲಯಗಳಿಗೆ ಸುಮಾರು 1.97 ಲಕ್ಷ ಕೋಟಿ ರೂಪಾಯಿಯ ಗಾತ್ರದಲ್ಲಿ ಘೋಷಿಸಲಾಯಿತು. ಐದು ವರ್ಷದಲ್ಲಿ 60 ಲಕ್ಷ ಹೊಸ ಉದ್ಯೋಗ ಸೃಷ್ಟಿಸುವ ಶಕ್ತಿ ಇದಕ್ಕಿದೆ ಎಂದು 2022ರ ಬಜೆಟ್ ಭಾಷಣ ಹೇಳಿತು. 2025ರ ಮಾರ್ಚ್‌ನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ಕಂಪನಿಗಳಿಗೆ ಸಂದಾಯವಾದ ಪ್ರೋತ್ಸಾಹಧನ ಸುಮಾರು 14,020 ಕೋಟಿ. ಸೃಷ್ಟಿಯಾದ ಉದ್ಯೋಗ, ನೇರ ಮತ್ತು ಪರೋಕ್ಷ ಎರಡನ್ನೂ ಕೂಡಿ, 11.5 ಲಕ್ಷ. ಅರವತ್ತು ಎಲ್ಲಿ, ಹನ್ನೊಂದೂವರೆ ಎಲ್ಲಿ? ಉಳಿದದ್ದು ಎಂದು ಬರುತ್ತದೆ ಎಂಬುದಕ್ಕೆ ವರ್ಷವಾರು ವಿವರಣೆ ಸಿಗಬೇಕಿತ್ತು. ರಾಜ್ಯದ ಕಡೆ ನೋಡಿದರೆ, 2022ರ ನವೆಂಬರ್‌ನ ಹೂಡಿಕೆದಾರರ ಸಮಾವೇಶದಲ್ಲಿ 9.81 ಲಕ್ಷ ಕೋಟಿಯ ವಾಗ್ದಾನ ಬಂತೆಂದು ಬೊಮ್ಮಾಯಿ ಸರ್ಕಾರ ಹೇಳಿತು. 2025ರ ಫೆಬ್ರುವರಿಯ ಸಮಾವೇಶದಲ್ಲಿ 10.27 ಲಕ್ಷ ಕೋಟಿ ಎಂದು ಸಿದ್ದರಾಮಯ್ಯ ಸರ್ಕಾರ ಹೇಳಿತು. ಅದೇ ಸಮಾವೇಶದಲ್ಲಿ ಬಿಡುಗಡೆಯಾದ 2025-30ರ ಕೈಗಾರಿಕಾ ನೀತಿಯ ಗುರಿ 20 ಲಕ್ಷ ಉದ್ಯೋಗ. ಎರಡನೆಯ ಸಮಾವೇಶದ ಅಂಕಿಯನ್ನು ಪ್ರಕಟಿಸುವ ಮೊದಲು ಮೊದಲನೆಯದರಲ್ಲಿ ಎಷ್ಟು ನೆಲಕ್ಕಿಳಿಯಿತು, ರೈತರಿಂದ ಪಡೆದ ಎಷ್ಟು ಎಕರೆ ಖಾಲಿ ಬಿದ್ದಿದೆ ಎಂಬುದನ್ನು ವಿಧಾನಸಭೆಗೆ ಒಪ್ಪಿಸುವುದು ನ್ಯಾಯವಾಗಿತ್ತು.

ಕೈಗಾರಿಕೆ, ಕಾರ್ಮಿಕ, ಮಹಿಳಾ ಮತ್ತು ಮಕ್ಕಳ ಇಲಾಖೆಗಳು ಮೂರೂ ಒಟ್ಟಿಗೆ ಸೋಲುವ ಜಾಗವೊಂದಿದೆ. ಬೆಂಗಳೂರಿನ ಸುತ್ತಿನ ಗಾರ್ಮೆಂಟ್ಸ್‌ಗಳಲ್ಲಿ, ಹೊಸದಾಗಿ ಬಂದ ಮೊಬೈಲ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಪಾಲನಾ ಕೊಠಡಿ ಇರಬೇಕೆಂದು ಕಾರ್ಖಾನೆ ಕಾಯ್ದೆ ದಶಕಗಳ ಹಿಂದೆಯೇ ವಿಧಿಸಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ, 50 ಅಥವಾ ಹೆಚ್ಚು ನೌಕರರಿರುವ ಎಲ್ಲ ಸಂಸ್ಥೆಗಳಿಗೂ ಅದನ್ನು ಹಬ್ಬಿಸಿತು. 2023ರಲ್ಲಿ ಕರ್ನಾಟಕ ಕಾನೂನು ತಿದ್ದಿ ದಿನಕ್ಕೆ 12 ಗಂಟೆಯವರೆಗಿನ ಪಾಳಿಗೂ ಮಹಿಳೆಯರ ರಾತ್ರಿ ಪಾಳಿಗೂ ದಾರಿ ಮಾಡಿಕೊಟ್ಟಿತು. ಅಂಗನವಾಡಿ ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತದೆ. ರಾತ್ರಿ ಎಂಟಕ್ಕೆ ಪಾಳಿ ಮುಗಿಸುವ ತಾಯಿಯ ಕೂಸು ಆ ನಾಲ್ಕು ಗಂಟೆ ಯಾರ ಬಳಿ ಇರಬೇಕು? ಎಷ್ಟೋ ಮನೆಗಳಲ್ಲಿ ಅಕ್ಕ ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳುತ್ತಾಳೆ. ಕೈಗಾರಿಕಾ ಸಚಿವರನ್ನು ಕೇಳಿದರೆ ಅದು ಕಾರ್ಮಿಕ ಇಲಾಖೆಯದು. ಕಾರ್ಮಿಕ ಇಲಾಖೆಗೆ ಹೋದರೆ ತಪಾಸಣೆಗೆ ಸಿಬ್ಬಂದಿ ಕೊರತೆ. ಮಹಿಳಾ ಮತ್ತು ಮಕ್ಕಳ ಇಲಾಖೆಯ ಯಾದಿಯಲ್ಲಿ ಕಾರ್ಖಾನೆಯೇ ಇಲ್ಲ. ಸಂವಿಧಾನದ 75ನೆಯ ಮತ್ತು 164ನೆಯ ವಿಧಿಗಳು ಮಂತ್ರಿಮಂಡಲವನ್ನು ಸದನಕ್ಕೆ ಸಾಮೂಹಿಕವಾಗಿ ಹೊಣೆ ಮಾಡಿವೆ. ನನ್ನ ಇಲಾಖೆಯದಲ್ಲ ಎಂದು ಹೇಳುವ ಅಧಿಕಾರ ಯಾವ ಸಚಿವರಿಗೂ ಇಲ್ಲ.

ಮಾಹಿತಿ ಇಲ್ಲ ಎಂಬುದೇ ಉತ್ತರವಾಗುವ ದುರಂತವನ್ನು ಈ ದೇಶ ಈಗಾಗಲೇ ಕಂಡಿದೆ. 2020ರ ಸೆಪ್ಟೆಂಬರ್‌ನಲ್ಲಿ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟು ನಡೆಸಿದ ಅಧಿವೇಶನದಲ್ಲಿ, ಲಾಕ್‌ಡೌನ್‌ನಲ್ಲಿ ಊರು ಸೇರುವ ದಾರಿಯಲ್ಲಿ ಸತ್ತ ವಲಸೆ ಕಾರ್ಮಿಕರ ಲೆಕ್ಕ ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಲಿಖಿತವಾಗಿ ಹೇಳಿತು. ಮರುವರ್ಷದ ಜುಲೈನಲ್ಲಿ, ಆಮ್ಲಜನಕದ ಕೊರತೆಯಿಂದಲೇ ಆದ ಸಾವುಗಳನ್ನು ರಾಜ್ಯಗಳು ವರದಿ ಮಾಡಿಲ್ಲ ಎಂದು ಆರೋಗ್ಯ ಸಚಿವಾಲಯ ರಾಜ್ಯಸಭೆಗೆ ತಿಳಿಸಿತು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ರೋಗಿಗಳು ಸತ್ತ ಆ ರಾತ್ರಿಯನ್ನು ಕನ್ನಡಿಗರು ಮರೆತಿಲ್ಲ. ಸಚಿವರು ಕಾನೂನಿನ ಕಣ್ಣಲ್ಲಿ ತಪ್ಪು ಹೇಳದೆ ಇರಬಹುದು. ಅವರು ಸದನಕ್ಕೆ ಸತ್ಯ ಹೇಳಲಿಲ್ಲ.

ಸದಸ್ಯರ ಹೊಣೆಯೂ ಸಣ್ಣದಲ್ಲ. 2009ರ ನವೆಂಬರ್ 30ರಂದು ಪ್ರಶ್ನೆ ಕೇಳಿದ್ದ ಸಂಸದರೇ ಬಾರದೆ ಲೋಕಸಭೆಯ ಪ್ರಶ್ನೋತ್ತರ ಅವಧಿ ಅರ್ಧಕ್ಕೆ ನಿಂತಿತ್ತು. 2005ರಲ್ಲಿ ದುಡ್ಡು ಪಡೆದು ಪ್ರಶ್ನೆ ಕೇಳಿದ್ದಕ್ಕೆ 11 ಸಂಸದರು ಸದಸ್ಯತ್ವ ಕಳೆದುಕೊಂಡರು. ಕ್ಷೇತ್ರದ ಒಂದು ಕಾಮಗಾರಿಗೆ ಹಣ ಬಿಡುಗಡೆಯಾದರೆ ಸಾಕು, ನೀತಿಯ ಪ್ರಶ್ನೆ ಬೇಡ ಎನ್ನುವ ಶಾಸಕರ ಸಂಖ್ಯೆ ಬೆಳೆಯುತ್ತಲೇ ಇದೆ.

ಆಗಬೇಕಾದದ್ದು ಸ್ಪಷ್ಟವಿದೆ. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಟ್ಟಿರಬೇಕು, ಆದ್ದರಿಂದ ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂಬ ಉತ್ತರವನ್ನು ಸ್ಪೀಕರ್ ಒಪ್ಪಿಕೊಳ್ಳಬಾರದು. ಮಂಜೂರಾದದ್ದು, ಆರಂಭವಾದದ್ದು, ಕಳೆದ ತಿಂಗಳು ನಿಜವಾಗಿ ನಡೆದದ್ದು ಈ ಮೂರನ್ನೂ ಜಿಲ್ಲಾವಾರು ಬೇರೆಬೇರೆಯಾಗಿ ಕೊಡದ ಉತ್ತರವನ್ನು ಇಲಾಖೆಗೆ ವಾಪಸು ಕಳಿಸಬೇಕು. ಗದ್ದಲದಲ್ಲಿ ಮುಳುಗಿದ ಚುಕ್ಕೆ ಗುರುತಿನ ಪ್ರಶ್ನೆಗಳು ಮರುವಾರ ಮತ್ತೆ ಮೊದಲ ಸಾಲಿಗೆ ಬರಬೇಕು. ಸದನದಲ್ಲಿ ಕೊಟ್ಟ ಮಾತನ್ನು ಮೂರು ತಿಂಗಳಲ್ಲಿ ಈಡೇರಿಸಬೇಕೆಂಬ ನಿಯಮ ಈಗಲೂ ಇದೆ. ಅದನ್ನು ಮೀರಿದ ಸಚಿವರನ್ನು ಭರವಸೆಗಳ ಸಮಿತಿ ಕರೆಸಿ, ಆ ವಿಚಾರಣೆಯನ್ನು ಜನರಿಗೆ ತೆರೆದಿಡಬೇಕು. ಕರ್ನಾಟಕದ ವಿಧಾನಸಭೆ ಇದಕ್ಕೆ ದೆಹಲಿಯನ್ನು ಕಾಯಬೇಕಿಲ್ಲ. ಬೆಳಗಾವಿಯ ಮುಂದಿನ ಅಧಿವೇಶನದ ಮೊದಲ ವಾರದಲ್ಲೇ ಕೈಗಾರಿಕೆ, ಕಾರ್ಮಿಕ, ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವರು ಮೂವರೂ ಒಟ್ಟಿಗೆ ಎದ್ದುನಿಂತು, ರಾಜ್ಯದ ಯಾವ ಯಾವ ಕಾರ್ಖಾನೆಯಲ್ಲಿ ಕೂಸುಗಳಿಗೆ ಕೊಠಡಿಯಿದೆ, ಯಾವುದರಲ್ಲಿ ಇಲ್ಲ, ಇಲ್ಲದವರ ಮೇಲೆ ಯಾವ ದಿನ ಕ್ರಮ ಕೈಗೊಂಡರು ಎಂಬ ಪಟ್ಟಿಯನ್ನು ಸದನಕ್ಕೆ ಒಪ್ಪಿಸಲಿ.