ಕುಳ್ಳಿರಿಸಬೇಡಿರಿ, ನಡೆಸಿರಿ

ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಹರೆಯಕ್ಕೆ ಬಂದ ಮೇಲೂ ಮನೆಯ ಕಟ್ಟೆಯ ಮೇಲೆ ಕುಳ್ಳಿರಿಸಿಡುವುದೇ ವಾತ್ಸಲ್ಯವೆಂಬ ಭಾವನೆಯನ್ನು ನಾವು ಒಪ್ಪಲಾರೆವು. ಇವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದೋಷವಿರುತ್ತದೆ. ಆದ್ದರಿಂದ ಮೊದಲು ವೈದ್ಯರಿಂದ ಹೃದಯ ಮತ್ತು ಕತ್ತಿನ ತಪಾಸಣೆ ಆಗಲಿ. ಅವರು ಒಪ್ಪಿದ ಮೇಲೆ ಅಂಜಿಕೆ ಬೇಡ. ವ್ಯಾಯಾಮದಲ್ಲಿ ಇವರ ನಾಡಿಬಡಿತ ಇತರರಷ್ಟು ಏರದು. ಬೇಗನೆ ದಣಿಯುವುದು ಸೋಮಾರಿತನವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ಅಂಗವೈಕಲ್ಯವುಳ್ಳ ಮಕ್ಕಳಿಗೂ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯನ್ನು ಹೇಳಿದೆ. ಹತ್ತು ನಿಮಿಷಗಳಿಂದ ಆರಂಭಿಸಿ ಮೆಲ್ಲಗೆ ಹೆಚ್ಚಿಸಿರಿ. ಲಾಗ ಹಾಕಿಸುವುದು ಬೇಡ. ಕೃಷ್ಣಾ-ಮಲಪ್ರಭೆಯರ ಸಂಗಮಕ್ಕೆ ಬರುವ ಸದ್ಭಕ್ತರು ಇಂಥ ಮಗುವನ್ನು ವಾಹನದಲ್ಲಿಯೇ ಬಿಟ್ಟು ಬರದೆ, ಕೈಹಿಡಿದು ಐಕ್ಯಮಂಟಪದವರೆಗೂ ತಮ್ಮೊಡನೆ ನಡೆಸಿಕೊಂಡು ಬರಲಿ. ನೋಡುವ ಕಣ್ಣುಗಳಿಗೆ ಹೆದರಿದರೆ ಸೊರಗುವುದು ಮಗುವಿನ ಹೃದಯ.